ವಸ್ತಾದರ ಹೆಸರು ತಳಕ್ಕೆ ಹೋದದ್ದು

ಬಾಬುಸಾಬ ನದಾಫ ಗಾದಿ ಹೊಲಿಯುವಾಗ ಹಾಡುತ್ತಿದ್ದ. ಬಬಲೇಶ್ವರದ ಬಸ್‌ಸ್ಟ್ಯಾಂಡಿನ ಹಿಂದಿರುವ ಅವನ ಅಂಗಡಿಗೆ ಗಿರಾಕಿಗಳು ಬರುವುದು ಅರ್ಧ ಗಾದಿಗೆ, ಅರ್ಧ ಹಾಡಿಗೆ ಎಂದು ಹೆಂಡತಿ ರಾಜಬಿ ಚಾಷ್ಟಿ ಮಾಡುತ್ತಿದ್ದಳು. ಬಕ್ರೀದ್ ಮುಗಿದು ಮೊಹರಮ್ಮಿನ ಚಂದ್ರನ ದಾರಿ ಕಾಯುವ ದಿನಗಳಲ್ಲಂತೂ ದಬ್ಬಣ ಬಟ್ಟೆಯೊಳಗೆ ಹೋಗಿ ಬರುವ ಲೆಕ್ಕಕ್ಕೆ ಸರಿಯಾಗಿ ರಿವಾಯತ ಪದಗಳು ಅವನ ಬಾಯಿಂದ ಬರುತ್ತಿದ್ದವು. ಕರ್ಬಲಾದ ನೀರಡಿಕೆ, ಹಸುಗೂಸಿನ ಅಳು, ಹೊಳೆಯ ದಂಡೆಯಲ್ಲೇ ಒಣಗಿದ ಗಂಟಲು, ಇವೆಲ್ಲ ಆ ಪದಗಳಲ್ಲಿರುತ್ತಿದ್ದವು.

ಆ ವರ್ಷ ಅದೇ ದಿನಗಳಲ್ಲಿ ಬಾಬುಸಾಬ ಹಾಡು ನಿಲ್ಲಿಸಿದ. ಗಾದಿ ಹೊಲಿದ, ಗಿರಾಕಿಗೆ ಕೊಟ್ಟ, ನಮಾಜಿಗೆ ಹೋಗಿ ಬಂದ, ಊಟ ಮಾಡಿದ. ಆದರೆ ಬಾಯಲ್ಲಿ ಪದವಿಲ್ಲ. ಯಾರ ಮೇಲೂ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಮಗಳು ನಾಜಿಯಾಳಿಗೆ ಒಂದಿಷ್ಟು ಹಗುರಾಗುತ್ತಿತ್ತು. ಅಪ್ಪನ ಹಾಡು ನಿಂತದ್ದು ತನ್ನ ಕೈಯಿಂದ ಎಂಬುದು ಅವಳಿಗೆ ಗೊತ್ತಿತ್ತು.

ಅಪ್ಪ ಹಾಡುವ ಮೇಳ ಮಮದಾಪುರದ್ದು. ಬಾಬುಸಾಬನ ಹಿರಿಯರ ಊರು ಅದು. ಅಂಗಡಿಗಾಗಿ ಬಬಲೇಶ್ವರದಲ್ಲಿ ನೆಲೆಸಿದ್ದರೂ ಮೊಹರಮ್ಮು ಬಂತೆಂದರೆ ಅವನ ಕಾಲು ತಾನಾಗಿ ಆ ಕೆರೆಗಳ ಊರಿನ ಕಡೆ ತಿರುಗುತ್ತಿತ್ತು. ಮೇಳಕ್ಕೆ ಪದ ಕಲಿಸುವ ವಸ್ತಾದ ಧೂಳಪ್ಪ, ಕುರಿ ಕಾಯ್ದು ಬದುಕಿದ ಹಿರಿಯ ಜೀವ. ಧೂಳಪ್ಪನಿಗೆ ಪದ ಕಲಿಸಿದವರು ಇಮಾಮಸಾಬ. ಅವರು ಮಣ್ಣಾಗಿ ಎಷ್ಟೋ ವರ್ಷವಾಗಿತ್ತು. ಇಮಾಮಸಾಬರಿಂದ ಧೂಳಪ್ಪನಿಗೆ, ಧೂಳಪ್ಪನಿಂದ ಬಾಬುಸಾಬನಿಗೆ ಹಾಡು ಇಳಿದು ಬಂದಿತ್ತು. ಆ ಮೇಳದಲ್ಲಿ ನೀನು ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ, ಯಾರ ಶಿಷ್ಯ ಎಂದು ಕೇಳುತ್ತಾರೆ.

ಮೇಳಕ್ಕೆ ತನ್ನದೇ ಕಟ್ಟಳೆಗಳಿದ್ದವು. ದಪ್ಪಿಗೆ, ಪದದ ಜೊತೆ ಬಾರಿಸುವ ಆ ಚರ್ಮವಾದ್ಯಕ್ಕೆ, ಕೈ ತಾಗುವ ಮೊದಲು ದೇವರ ಹೆಸರು, ಆಮೇಲೆ ಇಮಾಮಸಾಬರದು, ಆಮೇಲೆ ಧೂಳಪ್ಪನದು. ಶಿಷ್ಯನಾದವನು ತನ್ನ ಹೆಸರನ್ನು ಎಲ್ಲರ ನಂತರ ತಲೆ ತಗ್ಗಿಸಿ ಹೇಳಬೇಕು. ಹೆಸರು ಹಿಂದುಮುಂದಾದರೆ ಪದ ಅಲ್ಲಿಗೇ ನಿಂತಿತು. ತಪ್ಪಾಯಿತೆಂದು ನಡುವೆ ತಿದ್ದಿಕೊಂಡು ಮುಂದೆ ಹೋಗುವಂತಿಲ್ಲ. ದಪ್ಪು ಕೆಳಗಿಟ್ಟು, ಮತ್ತೆ ದೇವರ ಹೆಸರಿನಿಂದಲೇ ಎತ್ತಿಕೊಳ್ಳಬೇಕು. ವಸ್ತಾದ ಹಾಡುತ್ತ ತಡವರಿಸಿದರೂ ಶಿಷ್ಯ ಬಾಯಿ ಹಾಕಿ ನುಡಿ ನೆನಪಿಸುವಂತಿಲ್ಲ, ವಸ್ತಾದ ತಾನಾಗಿ ಕೇಳಿದರೆ ಮಾತ್ರ. ಇದನ್ನೆಲ್ಲ ನಾಜಿಯಾ ಅಪ್ಪನ ತೊಡೆಯ ಮೇಲೆ ಕೂತು ಕಂಡವಳು. ಇಷ್ಟೆಲ್ಲ ಕಂಡವಳ ಕೈಯಿಂದಲೇ ತಪ್ಪಾಯಿತು.

ಅವಳ ಉದ್ಯೋಗ ವಿಜಯಪುರದಲ್ಲಿ, ಸೊಲ್ಲಾಪುರ ರಸ್ತೆಯಲ್ಲಿ ಲಗ್ನಪತ್ರಿಕೆ, ಬೋರ್ಡು ಛಾಪಿಸುವ ಒಂದು ಅಂಗಡಿಯಲ್ಲಿ. ಬರಬರುತ್ತ ಅಲ್ಲಿಗೆ ಬರುವವರು ವೆಬ್‌ಸೈಟನ್ನೂ ಕೇಳತೊಡಗಿದಾಗ ಅವಳು ಒಂದು ಸಣ್ಣ ಸಾಧನದ ಬಳಕೆ ಕಲಿತುಕೊಂಡಳು. ಅದಕ್ಕೆ ಚಿತ್ರವಿಲ್ಲ, ಗುಂಡಿಯಿಲ್ಲ. ಸಾದಾ ಅಕ್ಷರದ ಫೈಲಿನಲ್ಲಿ ಹೇಳಬೇಕಾದದ್ದನ್ನು ಬರೆದು, ನೆತ್ತಿಗೆ ಹೆಸರು ಮತ್ತು ತಾರೀಖು ಹಾಕಿ, ಎಲ್ಲವನ್ನೂ ಒಂದು ಫೋಲ್ಡರಿನಲ್ಲಿಡಬೇಕು. ಆಮೇಲೆ ಕಪ್ಪು ಪರದೆಯ ಮೇಲೆ ಒಂದು ಸಾಲಿನ ಕಮಾಂಡು ಹೊಡೆದರೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆ ಸಾಧನ ಅಷ್ಟೂ ಫೈಲುಗಳನ್ನು ಪುಟಗಳಾಗಿ ಕಟ್ಟಿ ಕೊಡುತ್ತದೆ. ಕಟ್ಟಿದ ಪುಟ ಮತ್ತೆ ಕಟ್ಟುವ ತನಕ ಇದ್ದಂತೆಯೇ ಇರುತ್ತದೆ. ಭಾರವಿಲ್ಲದ ಪುಟ, ಹಳೆಯ ಮೊಬೈಲಿನಲ್ಲೂ, ಮಮದಾಪುರದ ಕೆರೆ ಏರಿಯ ಮೇಲೆ ಸಿಗುವ ಚೂರುಪಾರು ನೆಟ್‌ವರ್ಕಿನಲ್ಲೂ ತೆರೆಯುವಂಥದು. ತಿಕೋಟಾದ ಒಣದ್ರಾಕ್ಷಿ ಶೆಡ್ಡಿನವರಿಗೆ, ಗಾಂಧಿ ಚೌಕದ ಸೀರೆ ಅಂಗಡಿಗೆ ಅವಳು ಇದರಲ್ಲೇ ಸೈಟು ಮಾಡಿಕೊಟ್ಟಿದ್ದಳು. ಪ್ರತಿ ಸಲ ಕಮಾಂಡು ಹೊಡೆಯುವ ಮುಂಚೆ ಬಿಸ್ಮಿಲ್ಲಾ ಎನ್ನುವುದು ಅವಳ ರೂಢಿ.

ರಿವಾಯತ ಪದಗಳಿಗೂ ಇಂಥದೊಂದು ಸೈಟು ಮಾಡಿದರೆ ಹೇಗೆ ಎಂಬ ಆಸೆ ಅವಳದೇ. ದುಡಿಯಲು ಕೊಲ್ಲಾಪುರಕ್ಕೋ ಗೋವಾಕ್ಕೋ ಹೋದ ಊರಿನವರು ಅಲ್ಲೇ ಓದಿಕೊಳ್ಳಲಿ ಎಂದು. ಬಾಬುಸಾಬ ಮಮದಾಪುರಕ್ಕೆ ಹೋಗಿ ವಸ್ತಾದನ ಒಪ್ಪಿಗೆ ತಂದ. ಧ್ವನಿ ಮುದ್ರಿಸಬಾರದು, ಬರೆದುಕೊಳ್ಳಬಹುದು ಎಂದಿದ್ದ ಧೂಳಪ್ಪ. ಮಳೆಗಾಲದ ಸಂಜೆಗಳಲ್ಲಿ ಅಪ್ಪ ಗಾದಿ ಹೊಲಿಯುತ್ತ ಪದ ಹೇಳಿದ, ಮಗಳು ಪಕ್ಕದಲ್ಲಿ ಕೂತು ನೇರ ಲ್ಯಾಪ್‌ಟಾಪಿನಲ್ಲೇ ಬರೆದುಕೊಂಡಳು. ಅವಳಿಗೆ ಮೇಳದ ಕಟ್ಟಳೆ ಚೆನ್ನಾಗಿ ನೆನಪಿತ್ತು. ಆದ್ದರಿಂದಲೇ ಎಲ್ಲಕ್ಕಿಂತ ಮೊದಲು ಇಮಾಮಸಾಬರ ಪದಗಳನ್ನು ಬರೆದು ಮುಗಿಸಿದಳು. ಅವು ಮುಗಿಯುವ ತನಕ ಧೂಳಪ್ಪನವಕ್ಕೆ ಕೈ ಹಚ್ಚಲಿಲ್ಲ. ಅಪ್ಪ ಕಟ್ಟಿದ ನಾಲ್ಕು ಪದಗಳನ್ನು ಕೊನೆಗೆ ಇಟ್ಟುಕೊಂಡಳು.

ಆ ಭಕ್ತಿಯೇ ಮುಳುವಾಯಿತು. ಸಾಧನದ ರೂಢಿ ಬೇರೆ. ಕೊನೆಗೆ ಬರೆದದ್ದನ್ನು ಅದು ಎಲ್ಲಕ್ಕಿಂತ ಮೇಲಿಡುತ್ತದೆ, ಮೊದಲು ಬರೆದದ್ದನ್ನು ತಳಕ್ಕೆ ತಳ್ಳುತ್ತದೆ. ಸೀರೆ ಅಂಗಡಿಗೆ ಹೊಸ ಮಾಲು ಮೇಲೆ ಬಂದರೆ ಚಂದ. ಇಲ್ಲಿ ಬಾಬುಸಾಬ ನದಾಫ ಎಂಬ ಹೆಸರು ಪುಟದ ನೆತ್ತಿಯ ಮೇಲೆ ಕೂತಿತು, ಅದರ ಕೆಳಗೆ ಧೂಳಪ್ಪ, ಎಲ್ಲರ ಕಾಲಡಿಗೆ ಇಮಾಮಸಾಬ. ನಾಜಿಯಾ ನೋಡಿರಲಿಲ್ಲವೆಂದಲ್ಲ, ನೋಡಿದ್ದಳು. ವರ್ಷಗಟ್ಟಲೆ ಆ ಸಾಲನ್ನೇ ಕಂಡು ಕಣ್ಣು ಒಗ್ಗಿಹೋಗಿತ್ತು. ಅದು ತಪ್ಪೆಂದು ಅನಿಸಲೇ ಇಲ್ಲ. ಸೈಟಿನ ವಿಳಾಸವನ್ನು ಮೇಳದ ವಾಟ್ಸಾಪ್ ಗುಂಪಿಗೆ ಹಾಕಿ, ಖುಷಿಯಲ್ಲಿ ಮನೆಗೆ ಸೇಮಿಗೆ ತಂದಳು.

ದುಡಿಯಲು ಕೊಲ್ಲಾಪುರಕ್ಕೆ ಹೋಗಿದ್ದ ಊರಿನ ಫಯಾಜ ಆ ಪುಟದ ಫೋಟೋ ತೆಗೆದು, ಬಾಬುಸಾಬನ ಹೆಸರಿನ ಪಕ್ಕ ಹೂವಿನ ಗುರುತು ಹಾಕಿ ಗುಂಪಿಗೆ ಕಳಿಸಿದ. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಮರುದಿನ ಬಾಬುಸಾಬ ಗಾದಿ ಬಟ್ಟೆ ತರಲು ವಿಜಯಪುರದ ಗಾಂಧಿ ಚೌಕಕ್ಕೆ ಹೋದಾಗ, ಅಲ್ಲಿ ಆಟೋ ಓಡಿಸುವ ಮೇಳದ ಹಿಮ್ಮೇಳದವ ಶಿವಾಜಿ ಎದುರಾದ. ಸುತ್ತ ನಾಲ್ಕು ಆಟೋದವರಿದ್ದರು.

"ಏನ್ರಿ ಬಾಬುಸಾಬ್ರ, ವಸ್ತಾದ್ರನ್ನ ಕೆಳಗಿಳಿಸಿ ನೀವ ಮ್ಯಾಲ ಏರಿ ಕುಂತೀರಂತಲ್ಲ. ಗಾದಿ ಹೆಂಗೂ ನಿಮ್ಮ ಅಂಗಡ್ಯಾಗಿಂದs."

ಬಾಬುಸಾಬನಿಗೆ ತಲೆಬುಡ ತಿಳಿಯಲಿಲ್ಲ. ಶಿವಾಜಿ ಮೊಬೈಲು ತೆಗೆದು ತೋರಿಸಿದ. ಬಾಬುಸಾಬ ತನ್ನ ಹೆಸರನ್ನು ನೆತ್ತಿಯ ಮೇಲೆ ಕಂಡ, ಇಮಾಮಸಾಬರದನ್ನು ಎಲ್ಲಕ್ಕಿಂತ ಕೆಳಗೆ. ಬಟ್ಟೆ ಕೊಳ್ಳದೆ ಅಲ್ಲಿಂದಲೇ ಮಮದಾಪುರದ ಬಸ್ಸು ಹಿಡಿದ.

ಅಷ್ಟರಲ್ಲಿ ಹೊತ್ತು ಮೀರಿತ್ತು. ಧೂಳಪ್ಪನಿಗೆ ಓದು ಬರುವುದಿಲ್ಲ. ಕಾಲೇಜಿಗೆ ಹೋಗುವ ಮೊಮ್ಮಗಳು ಸುಮಂಗಲಾ ಹಿಂದಿನ ದಿನವೇ ಪುಟವನ್ನು ಮೇಲಿನಿಂದ ಓದಿ ಹೇಳಿದ್ದಳು. ಮೊದಲ ಹೆಸರು ಕೇಳಿದ ಕೂಡಲೇ ಮುದುಕ ಸಾಕೆಂದು ಕೈ ಮಾಡಿದ್ದ. ಬಾಬುಸಾಬ ಹೋಗಿ ಅಂಗಳದಲ್ಲಿ ನಿಂತಾಗ ಧೂಳಪ್ಪ ಬೈಯಲಿಲ್ಲ, ಕಾರಣ ಕೇಳಲಿಲ್ಲ. ಒಳಗೆ ಹೋಗಿ ಇಮಾಮಸಾಬರ ಕಾಲದ ದಪ್ಪನ್ನು ತಂದು ಎರಡೂ ಕೈಯಿಂದ ಶಿಷ್ಯನ ಕೈಗಿಟ್ಟ. ಇನ್ನು ಮೇಲೆ ನೀನೇ ಮೊದಲು ಎತ್ತು ಎಂದ. ವಸ್ತಾದ ಬದುಕಿರುವಾಗ ದಪ್ಪು ಶಿಷ್ಯನ ಕೈಗೆ ಬಂದರೆ ಅದು ಬಹುಮಾನವಲ್ಲ, ಶಿಷ್ಯನನ್ನು ಬಿಟ್ಟುಕೊಟ್ಟಂತೆ. ಕೊಟ್ಟದ್ದನ್ನು ಬೇಡ ಎನ್ನುವ ಅಧಿಕಾರವೂ ಶಿಷ್ಯನಿಗಿಲ್ಲ. ಬಾಬುಸಾಬ ಅದನ್ನು ಮನೆಗೆ ತಂದು, ಹೊಸ ಬಟ್ಟೆಯಲ್ಲಿ ಸುತ್ತಿ, ಕುರಾನಿನ ಕೆಳಗಿನ ಹಲಗೆಯ ಮೇಲಿಟ್ಟ. ಆ ಹೊತ್ತಿನಿಂದ ಹಾಡು ನಿಂತಿತು.

ಇದನ್ನೆಲ್ಲ ನಾಜಿಯಾಳಿಗೆ ಹೇಳಿದವಳು ರಾಜಬಿ. ಹುಡುಗಿ ಮುಂಜಾನೆ ಎದ್ದವಳೇ ಸೊಲ್ಲಾಪುರ ರಸ್ತೆಯ ಅಂಗಡಿಗೆ ಓಡಿದಳು. ಬಸ್ಸಿನುದ್ದಕ್ಕೂ ಅಲ್ಲಾನಲ್ಲಿ ಒಂದೇ ಬೇಡಿಕೆ: ಅಪ್ಪನನ್ನು ವಸ್ತಾದನ ಪಕ್ಕ ಮತ್ತೆ ಕೂರಿಸು. ಕೆಲಸ ನೋಡಿದರೆ ಏನೂ ಅಲ್ಲ. ಪ್ರತಿ ಫೈಲಿನ ನೆತ್ತಿಗೆ ಇದು ಎಷ್ಟನೆಯದು ಎಂಬ ಒಂದು ಅಂಕಿ ಹಾಕಿ, ತಾರೀಖು ಬಿಟ್ಟು ಅಂಕಿಯ ಪ್ರಕಾರ ಜೋಡಿಸು ಎಂದು ಸಾಧನಕ್ಕೆ ಹೇಳಿದರೆ ಆಯಿತು. ಚಹಾ ಆರುವುದರೊಳಗೆ ಮುಗಿಯಿತು. ಕಮಾಂಡು ಹೊಡೆದಳು. ಇಮಾಮಸಾಬರು ಮೇಲೆ, ಧೂಳಪ್ಪ ನಡುವೆ, ಅಪ್ಪ ಕೆಳಗೆ. ಇಷ್ಟು ಸಲೀಸಾಗಿ ಸರಿಹೋದದ್ದು ನೋಡಿ ಅವಳಿಗೆ ಸಮಾಧಾನವಾಗುವ ಬದಲು ಭಯವಾಯಿತು.

ಸಂಜೆ ಅಪ್ಪನ ಮುಂದೆ ಮೊಬೈಲು ಹಿಡಿದಳು. ಬಾಬುಸಾಬ ಚಾಳೀಸು ಹಾಕಿಕೊಂಡು ಒಂದೊಂದೇ ಹೆಸರು ಓದಿದ. ಮೊಬೈಲು ವಾಪಸು ಕೊಟ್ಟು ದಬ್ಬಣ ಎತ್ತಿಕೊಂಡ.

"ನಡುವ ತಿದ್ದಿದಿ, ಯವ್ವಾ," ಎಂದ.

ಅಷ್ಟೇ. ಆ ಮಾತು ನಾಜಿಯಾಳ ಒಳಗೆ ಗಾದಿಯೊಳಗೆ ಮುರಿದುಳಿದ ಸೂಜಿಯಂತೆ ಉಳಿಯಿತು. ನಮಾಜಿಗೆ ಕೂತರೂ ಅದೇ, ಫೈಲು ತೆರೆದರೂ ಅದೇ. ಗುಂಪಿನಲ್ಲಿ ಹಳೆಯ ಫೋಟೋ ಇನ್ನೂ ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ತಾಲೀಮಿಗೆ ಯಾರೂ ಯಾರನ್ನೂ ಕರೆಯಲಿಲ್ಲ. ವಸ್ತಾದ ಎತ್ತದಿದ್ದರೆ ಬಾಬುಸಾಬ ಎತ್ತುವುದಿಲ್ಲ, ಬಾಬುಸಾಬ ಎತ್ತದಿದ್ದರೆ ಮೇಳಕ್ಕೆ ಬಾಯಿಲ್ಲ. ಮೊಹರಮ್ಮಿಗೆ ಮಮದಾಪುರದ ಮಸೂತಿ ಕಟ್ಟೆ ಮೂಕವಾಗಿ ಕೂರುವುದು ಖಚಿತವಾಗುತ್ತ ಬಂತು.

ಕಡೆಗೆ ಒಂದು ರವಿವಾರ ಅವಳು ಹಲಗೆಯ ಮೇಲಿನ ದಪ್ಪಿನ ಕಡೆ ನೋಡಿ, ಇದನ್ನು ತಾನೇ ಒಯ್ದು ಧೂಳಪ್ಪಮುತ್ತ್ಯಾನ ಕಾಲ ಹತ್ತಿರ ಇಟ್ಟು ಬರುತ್ತೇನೆ ಎಂದಳು. ಬಾಬುಸಾಬ ಎದ್ದು ಬಂದ. ನಿನ್ನ ಕೈಗೆ ಕೊಟ್ಟದ್ದಲ್ಲ ಅದು ಎಂದು, ದಪ್ಪು ಎತ್ತಿಕೊಂಡು ಅವಳ ಜೊತೆ ಹೊರಟ. ಬಸ್ಸಿನಲ್ಲಿ ತಂದೆಮಗಳು ಒಂದೇ ಸೀಟಿನಲ್ಲಿ ಕೂತರು. ದಪ್ಪು ಅವನ ತೊಡೆಯ ಮೇಲೆ, ಲ್ಯಾಪ್‌ಟಾಪು ಅವಳ ತೊಡೆಯ ಮೇಲೆ.

ಧೂಳಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದ. ಅವನ ಹೆಂಡತಿ ಮಾಳವ್ವ ನಾಜಿಯಾಳನ್ನು ಕಂಡು, ಬಾ ತಂಗಿ ಎಂದು ನೀರು ಕೊಟ್ಟಳು. ಬಾಬುಸಾಬ ಕಟ್ಟೆ ಹತ್ತಲಿಲ್ಲ. ಮುದುಕನ ಬೆನ್ನ ಹಿಂದೆ, ಅಂಗಳದ ಮೂಲೆಯಲ್ಲಿ ಕುರಿ ಕಟ್ಟುವ ಗೂಟದ ಹತ್ತಿರ ಕೂತುಬಿಟ್ಟ. ಧೂಳಪ್ಪ ಹಿಂತಿರುಗಿ ನೋಡಲಿಲ್ಲ.

ನಾಜಿಯಾ ಏನಾಯಿತೆಂದು ಬಿಡಿಸಿ ಹೇಳಿದಳು. ತಾನು ಎಲ್ಲಕ್ಕಿಂತ ಮೊದಲು ಬರೆದದ್ದು ಇಮಾಮಸಾಬರದೇ, ಮೊದಲು ಬರೆದದ್ದನ್ನು ತಳಕ್ಕೆ ಹಾಕುವುದು ಆ ಸಾಧನದ ರೂಢಿ, ವಸ್ತಾದ ಯಾರು ಶಿಷ್ಯ ಯಾರು ಎಂದು ಅದಕ್ಕೆ ತಾನು ಹೇಳಬೇಕಾಗಿತ್ತು, ಹೇಳಲಿಲ್ಲ. ಅಪ್ಪನಿಗೆ ಇದರ ಗಂಧಗಾಳಿಯೂ ಇರಲಿಲ್ಲ.

ಮಾಳವ್ವ ಹುಡುಗಿಯ ಹತ್ತಿರ ಸರಿದು ಕೂತಳು. "ಗ್ವಾಡಿ ಕಟ್ಟೂಮುಂದ ಮೊದಲ ಇಟ್ಟ ಕಲ್ಲು ತಳದಾಗs ಇರ್ತೈತಲ್ರಿ. ಹಂಗ ತಿಳ್ಕೊಂಡ್ರಾತು," ಎಂದಳು.

"ಇದು ಗ್ವಾಡಿ ಅಲ್ಲ, ಮಾಳಿ. ಹಾಡು," ಎಂದ ಧೂಳಪ್ಪ. ಆಮೇಲೆ ನಾಜಿಯಾಳ ಕಡೆ ತಿರುಗಿದ. ದನಿ ಮೆತ್ತಗಿತ್ತು. "ನಿನ್ನ ಮ್ಯಾಲ ಸಿಟ್ಟಿಲ್ಲ, ಯವ್ವಾ. ನನ್ನ ಹೆಸರ ಎಲ್ಲಿದ್ರೇನು. ಇಮಾಮಸಾಬಣ್ಣನ ಹೆಸರ ಚಪ್ಪಲಿ ಬಿಡೋ ಜಾಗದಾಗ ಬಂತಲ್ಲ, ಅದು ಎದಿಗಿ ನಟ್ಟೈತಿ. ಅದಕ್ಕಿಂತ ದೊಡ್ಡದು ಇನ್ನೊಂದೈತಿ. ಹ್ವಾದ ವರ್ಷ ಹಾಡ್ತಾ ಹಾಡ್ತಾ ನುಡಿ ಜಾರಿ ಹ್ವಾದವು. ಮಂದಿಗಿ ಗೊತ್ತಾಗ್ಲಿಲ್ಲ. ನಿಮ್ಮಪ್ಪಗ ಒಬ್ಬಾಂವಗ ಗೊತ್ತಾತು, ಅವ ಸುಮ್ಕ ಕುಂತ. ನಿನ್ನ ಪುಟ ಕೇಳಿದಾಗ ನನಗ ಅನ್ನಿಸ್ತು, ಇನ್ನ ಸಾಕ ಮಾಡಲೇ ಧೂಳ್ಯಾ ಅಂತ ಇಮಾಮಸಾಬಣ್ಣನs ಹೇಳಿ ಕಳಿಸ್ಯಾನ ಅಂತ."

ಸಿಟ್ಟಿದ್ದರೆ ನಾಜಿಯಾ ಕ್ಷಮೆ ಕೇಳಬಹುದಿತ್ತು. ಒಬ್ಬ ಹಿರಿಯ ತನ್ನ ಸಾಧನದ ಒಂದು ರೂಢಿಯನ್ನು ಗುರುವಿನ ಆಜ್ಞೆ ಎಂದು ತಿಳಿದು ಹಾಡು ಬಿಟ್ಟಿದ್ದರೆ ಅದಕ್ಕೆ ಏನು ಕೇಳುವುದು? ಹಿಂದೆ ಮೂಲೆಯಲ್ಲಿ ಅಪ್ಪನ ತಲೆ ಇನ್ನೂ ಬಾಗಿತ್ತು. ಆಗ ನಡುವ ತಿದ್ದಿದಿ ಎಂಬ ಅವನ ಮಾತು ಮತ್ತೆ ಕಿವಿಗೆ ಬಂತು. ಅವಳು ಲ್ಯಾಪ್‌ಟಾಪು ತೆರೆದಳು.

"ಹೆಸರ ತಪ್ಪಿದ್ರ ಮ್ಯಾಳದಾಗ ಏನ್ ಮಾಡ್ತೀರಿ, ಮುತ್ತ್ಯಾ?"

"ಮತ್ತ ಮೊದಲಿಂದ."

ಕಪ್ಪು ಪರದೆಯ ಮೇಲೆ ಅವಳು ಅಳಿಸುವ ಕಮಾಂಡು ಬರೆದಳು. ಇಡೀ ಮಳೆಗಾಲ ಅಪ್ಪನ ಬಾಯಿಂದ ಕೇಳಿ ಕೇಳಿ ಬರೆದ ಅಷ್ಟೂ ಪದಗಳು ಅದೊಂದೇ ಫೋಲ್ಡರಿನಲ್ಲಿದ್ದವು. ಬೇರೆ ಎಲ್ಲೂ ನಕಲಿರಲಿಲ್ಲ. ಒಂದು ಗಳಿಗೆ ಕೈ ನಿಂತಿತು. ನಕಲು ಮಾಡಿ ಎಲ್ಲಾದರೂ ಬಚ್ಚಿಟ್ಟುಕೊಳ್ಳೋಣವೆಂಬ ಯೋಚನೆ ಬಂತು. ಬಚ್ಚಿಟ್ಟುಕೊಂಡರೆ ಅದು ಮೊದಲಿನಿಂದ ಆಗುವುದಿಲ್ಲ ಎಂದು ಅವಳಿಗೇ ಗೊತ್ತಿತ್ತು. ಆ ಕಪ್ಪು ಪರದೆ ನಿಜವಾಗಿಯೂ ಅಳಿಸಲೇ ಎಂದು ಎರಡನೆಯ ಸಲ ಕೇಳುವುದಿಲ್ಲ. ಬಿಸ್ಮಿಲ್ಲಾ ಎಂದು ಒತ್ತಿದಳು. ಬರಿದಾದ ಸೈಟನ್ನು ಮತ್ತೆ ಕಟ್ಟಿ, ಮೊಮ್ಮಗಳು ಸುಮಂಗಲಾಳ ಮೊಬೈಲಿನ ನೆಟ್ಟಿನಿಂದ ಮೇಲೇರಿಸಿ, ಅವಳಿಗೆ ಅದನ್ನು ತೆರೆದು ತೋರಿಸಲು ಹೇಳಿದಳು. ಪುಟದಲ್ಲಿ ಮಮದಾಪುರದ ರಿವಾಯತ ಪದಗಳು ಎಂಬ ತಲೆಬರಹ ಬಿಟ್ಟರೆ ಏನೂ ಇರಲಿಲ್ಲ. ಮೂಲೆಯಲ್ಲಿ ಬಾಬುಸಾಬ ಅರ್ಧ ಎದ್ದವನು ಹಾಗೇ ಕೂತ.

"ಈಗ ನೀವs ಹೇಳ್ರಿ," ಎಂದಳು ನಾಜಿಯಾ. "ಮೊದಲ ಇಮಾಮಸಾಬರದು."

ಧೂಳಪ್ಪ ಖಾಲಿ ಪುಟವನ್ನು ಓದು ಬರುವವನಂತೆ ಬಹಳ ಹೊತ್ತು ನೋಡಿದ. ಅಂಗಳದಲ್ಲಿ ಒಂದು ಕುರಿಮರಿ ಕೆಮ್ಮಿತು. ಅವನು ಕಣ್ಣು ಮುಚ್ಚಿ ದೇವರ ಹೆಸರು ತೆಗೆದುಕೊಂಡ, ಇಮಾಮಸಾಬರ ಹೆಸರು ತೆಗೆದುಕೊಂಡ, ತಲೆ ತಗ್ಗಿಸಿ ತನ್ನದು ಹೇಳಿದ, ಪದ ಎತ್ತಿಕೊಂಡ. ದನಿ ಮೊದಲಿನದಲ್ಲ. ಮೇಲಕ್ಕೆ ಹೋಗಬೇಕಾದ ಕಡೆ ಹಳೆಯ ಹಗ್ಗದಂತೆ ಎಳೆ ಬಿಡುತ್ತಿತ್ತು. ಆದರೂ ನುಡಿ ಒಂದರ ಹಿಂದೊಂದು ಬಂದವು, ನಾಜಿಯಾ ಬರೆಯುತ್ತ ಹೋದಳು. ಹೊಳೆಯ ದಂಡೆ ಬಂತು, ಕೂಸಿನ ಅಳು ಬಂತು, ರಣದ ಧೂಳು ಬಂತು. ಕೊನೆಯ ನುಡಿಗೆ ಬಂದು ಧೂಳಪ್ಪ ನಿಂತ.

ತುಟಿ ಅಲುಗಿದವು, ನುಡಿ ಬರಲಿಲ್ಲ. ಹಿಂದಿನ ಸಾಲನ್ನು ಮತ್ತೆ ಹಾಡಿ ಓಟ ತಂದುಕೊಂಡ. ಅದೇ ಜಾಗದಲ್ಲಿ ಮತ್ತೆ ನಿಂತ. ಮಾಳವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಾಜಿಯಾ ಅಪ್ಪನ ಕಡೆ ನೋಡಿದಳು. ಆ ನುಡಿ ಬಾಬುಸಾಬನಿಗೆ ಗೊತ್ತಿತ್ತು. ಅವನ ಬೆರಳುಗಳು ದಪ್ಪಿನ ಅಂಚನ್ನು ಕಚ್ಚಿ ಹಿಡಿದಿದ್ದವು. ಕೇಳದೆ ಹೇಳುವಂತಿಲ್ಲ. ಅಳಿಸಿದ ಫೈಲಿನಲ್ಲಿ ಆ ನುಡಿ ಇತ್ತು, ಈಗ ಇಲ್ಲ. ಈಗ ಅದು ಇರುವುದು ಒಬ್ಬನ ಬಾಯಲ್ಲಿ, ಆ ಬಾಯಿಗೆ ಬೀಗ. ಇಂಥ ಹೊತ್ತನ್ನು ತಂದಿಟ್ಟವಳು ಅವಳೇ.

"ಬಾಬು," ಎಂದ ಧೂಳಪ್ಪ. ತಿರುಗಿ ನೋಡದೆಯೇ. "ನನಗ ಬರವಲ್ದು. ನಿನಗ ಗೊತ್ತೈತಲ್ಲ?"

ಬಾಬುಸಾಬ ಎದ್ದು ಬಂದು ದಪ್ಪನ್ನು ಕಟ್ಟೆಯ ಮೇಲೆ ವಸ್ತಾದನ ಬಲಗೈ ಹತ್ತಿರ ಇಟ್ಟ. ಕಟ್ಟೆಯ ಕೆಳಗೇ, ನೆಲದ ಮೇಲೆ ಕೂತ. ದೇವರ ಹೆಸರು ಹೇಳಿದ, ಇಮಾಮಸಾಬರ ಹೆಸರು ಹೇಳಿದ, ಧೂಳಪ್ಪನ ಹೆಸರು ಹೇಳಿದ, ಕೊನೆಗೆ ತಲೆ ತಗ್ಗಿಸಿ ತನ್ನದು. ಎಷ್ಟೋ ದಿನದ ಮೌನಕ್ಕೆ ದನಿ ತುಕ್ಕು ಹಿಡಿದಿತ್ತು.

"ತೇಜಿ ತಾನs ಬಂತ, ತಡಿ ಮ್ಯಾಲ ಯಾರಿಲ್ಲ,
ಬಾಗಿಲಿಗೆ ಬಂದ ತಾಯಿ ಬಾಯಿ ತೆರಿಲಿಲ್ಲ."

ಸವಾರನಿಲ್ಲದೆ ಮರಳಿದ ಕುದುರೆಯ ಆ ಮಾತನ್ನು ಧೂಳಪ್ಪ ಹೊಸದಾಗಿ ಕೇಳುವವನಂತೆ ಕೇಳಿದ. ಕಡೆಯ ಶಬ್ದಕ್ಕೆ ಮಾತ್ರ ಅವನ ದನಿ ಕೂಡಿತು.

"ಬರ್ಕೋ, ಯವ್ವಾ," ಎಂದ.

ಅವಳು ಬರೆದುಕೊಂಡಳು. ನೆತ್ತಿಯಲ್ಲಿ ಒಂದು ಎಂಬ ಅಂಕಿ ಹಾಕಿ, ಇಮಾಮಸಾಬ ಎಂದು ಹೆಸರು ಹಾಕಿ, ಕಟ್ಟಿದಳು. ಧೂಳಪ್ಪ ಓದಿ ಹೇಳೆಂದ. ಮೇಲಿನಿಂದ ಓದಿದಳು. ಅವನು ತಲೆಯಾಡಿಸಿದ. ಇವತ್ತಿಗೆ ಇಷ್ಟು ಎಂದ. ಉಳಿದವನ್ನು ಯಾವಾಗ ಹೇಳುತ್ತೇನೆ ಎನ್ನಲಿಲ್ಲ, ಮಸೂತಿ ಕಟ್ಟೆಗೆ ಬರುತ್ತೇನೆ ಎಂದೂ ಎನ್ನಲಿಲ್ಲ. ಕೊನೆಯ ಬಸ್ಸಿನ ಹೊತ್ತಾಯಿತೆಂದು ತಂದೆಮಗಳು ಎದ್ದಾಗ ದಪ್ಪು ಇಟ್ಟಲ್ಲೇ ಇತ್ತು. ವಸ್ತಾದ ಅದನ್ನು ಕೈಗೆತ್ತಿಕೊಂಡಿರಲಿಲ್ಲ, ಶಿಷ್ಯನಿಗೆ ತಿರುಗಿ ಕೊಡಲೂ ಇಲ್ಲ. ಇಬ್ಬನಿ ಬಿದ್ದೀತೆಂದು ಮಾಳವ್ವ ಅದರ ಮೇಲೆ ಕಂಬಳಿಯ ತುದಿ ಎಳೆದಳು.

ಬಸ್ಸು ಕೆರೆ ಏರಿ ಹತ್ತುವಾಗ ನಾಜಿಯಾಳ ಮೊಬೈಲಿಗೂ ನೆಟ್‌ವರ್ಕು ಬಂತು. ಅವಳು ತೆರೆದು ನೋಡಿದಳು. ಪುಟದಲ್ಲಿ ಒಂದೇ ಪದ, ಒಂದೇ ಹೆಸರು. ಅದರ ಕೆಳಗೆ ಏನೂ ಇಲ್ಲ. ಪಕ್ಕದಲ್ಲಿ ಬಾಬುಸಾಬ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಹಾಡುತ್ತಿರಲಿಲ್ಲ. ಖಾಲಿ ತೊಡೆಯ ಮೇಲೆ ಅವನ ಬೆರಳು ಮಾತ್ರ ದಪ್ಪು ಬಾರಿಸುವಂತೆ ಮೆಲ್ಲಗೆ ಏಳುತ್ತಿತ್ತು, ಬೀಳುತ್ತಿತ್ತು. ಅವಳು ನೋಡಿಯೂ ನೋಡದವಳಂತೆ ಪುಟವನ್ನು ಮುಚ್ಚಿದಳು.